ಕರಿಹಲಗೆ ಏರಿದ ನನ್ನ ಸಾರು

ಮೇಷ್ಟರ ಹೆಂಡತಿಗೆ ಮನೆಯ ಗುಟ್ಟು ಅಂತ ಒಂದು ಇರುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಬಂದು ಸಂಸಾರ ಹೂಡುವವರೆಗೂ ಇದು ನನಗೆ ಗೊತ್ತಿರಲಿಲ್ಲ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಸುತ್ತಲ ಊರಿಗೆಲ್ಲಾ ಇಂಗ್ಲಿಷಿನ ಹುಚ್ಚು ಹಿಡಿದಿದೆ. ನಮ್ಮ ಮನೆಯವರು ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಅದನ್ನೇ ಹೇಳಿಕೊಡುತ್ತಾರೆ. ಆ ವಾರ ಹುಡುಗರಿಗೆ ‘ಪುಟ್ ಅಪ್ ವಿತ್’ ನಡೆಯುತ್ತಿತ್ತು. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆ; ಮೂರೂ ಒಟ್ಟಿಗೆ ಬಂದರೆ ಸಹಿಸಿಕೋ ಎಂದರ್ಥವಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಮೂವರು ನಾದಿನಿಯರೂ ಒಬ್ಬೊಬ್ಬರೇ ಬಂದರೆ ಬಂಗಾರದಂಥವರು. ಒಟ್ಟಿಗೆ ಬಂದರೆ ಅರ್ಥವೇ ಬೇರೆ.

ಎಡವಟ್ಟಾದದ್ದು ಅದಕ್ಕೆ ಇವರು ಕೊಟ್ಟ ಉದಾಹರಣೆಯಿಂದ. ಮೊಸರು ತರುವ ನಿಂಗಮ್ಮನ ಮಗ ಅದೇ ಕ್ಲಾಸಿನಲ್ಲಿದ್ದಾನೆ. ಅವಳು ಜಗಲಿಯ ಮೇಲೆ ಗಡಿಗೆ ಇಳಿಸಿ, “ಅಮ್ಮಾರೆ, ನಿಮ್ ಸಾರ್ನ ಮೇಷ್ಟ್ರು ಎಂಗೋ ತಡ್ಕಂಡವ್ರಂತೆ? ಬೋರ್ಡ್ ಮ್ಯಾಲೆ ಬರ್ದಿದ್ರಂತೆ. ನಮ್ ಐದ ಬಂದ್ ಯೋಳ್ದ” ಅಂದಳು. ಅಷ್ಟು ಹೊತ್ತಿಗೆ ಕಿರುಗಾವಲಿನಿಂದ ಸ್ಕೂಲಿಗೆ ಬರುವ ಹುಡುಗರು ಅದನ್ನು ತಮ್ಮೂರಿಗೂ ಮುಟ್ಟಿಸಿದ್ದರು. ಸಂಜೆ ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ಹುಣಿಸೆಹಣ್ಣಿನ ಅಳತೆ ಹೇಳಿಕೊಡಲು ಶುರುಮಾಡಿದರು. ತಲೆ ಎತ್ತಿ ನೀರು ಸೇದುವ ಹಾಗಿಲ್ಲ! ನನಗೆ ಅಳುವೇ ಬಂತು.

ಮನೆಗೆ ಬಂದವಳೇ ಇವರನ್ನು ತರಾಟೆಗೆ ತೆಗೆದುಕೊಂಡೆ. “ಪುಸ್ತಕದಲ್ಲಿ ಲಂಡನ್ನಿನ ಮಂಜು ಅಂತಿದೆ ಕಣೇ. ನಮ್ಮ ಹುಡುಗರು ಅದನ್ನೆಲ್ಲಿ ಕಂಡಿದ್ದಾರೆ? ಸಾರಾದರೆ ಎಲ್ಲರಿಗೂ ಗೊತ್ತು” ಅಂದರು, ಮೂಗಿಗೆ ನಶ್ಯ ಏರಿಸುತ್ತಾ.

“ಹಾಗಾದರೆ ನಿಮ್ಮ ನಶ್ಯದ ಕರ್ಚೀಫು ನಾನು ಒಗೆಯೋದನ್ನೂ ಬರೀರಿ. ಅದೂ ಸಹಿಸಿಕೊಳ್ಳೋದೇ ತಾನೆ?”

ಆ ಮಹಾನುಭಾವರು “ಭೇಷ್, ಒಳ್ಳೇ ವಾಕ್ಯ” ಅಂತ ಮೆಚ್ಚಿ, ಮಾರನೆಯ ದಿನ ನಿಜವಾಗಿಯೂ ಬರೆದೇಬಿಟ್ಟರು. ಒಂದಿಷ್ಟೂ ಕಪಟವಿಲ್ಲದ ಮನುಷ್ಯ. ಇಂಥವರ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡುವುದು?

ಬಾವಿಕಟ್ಟೆ ಪೂರ್ತಿ ನನ್ನ ಪಕ್ಷಕ್ಕೆ ಬಂತು. ಗೆದ್ದೆ ಅಂತ ಹಿಗ್ಗಿದೆ. ಬೆಳಗ್ಗೆ ನಿಂಗಮ್ಮ ಬಂದವಳು, “ಥೂ, ಅದೇನ್ ಗಲೀಜ್ ಅಬ್ಯಾಸ ಕಣಮ್ಮ ಮೇಷ್ಟ್ರುದು! ನೀವಾಗಿದ್ಕೆ ಬಾಳಾಟ ಮಾಡ್ತಾ ಇದ್ದೀರಿ” ಅಂತ ಮೂಗು ಮುಚ್ಚಿಕೊಂಡು ನಕ್ಕಳು. ನನಗೆ ಎಲ್ಲಿತ್ತೋ ಕೋಪ! ಅವರನ್ನು ನಾನು ಅನ್ನಬಹುದು. ಊರು ಯಾಕೆ ಅನ್ನಬೇಕು? “ಏನೇ ನಿಂಗಮ್ಮ, ಗಲೀಜು ಅಂತೀಯಾ? ನಶ್ಯ ಏರಿಸಿದರೇನೇ ಅವರಿಗೆ ಪಾಠ ಹೊಳೆಯೋದು. ಆ ಕರ್ಚೀಫು ಒಗೆಯೋದು ನನಗೆ ಕಷ್ಟವಲ್ಲ, ಸಂತೋಷ!” ಅಂತ ಬೀದಿಗೆಲ್ಲಾ ಕೇಳುವ ಹಾಗೆ ಕೂಗಿದೆ.

ಒಳಗಿನಿಂದ ಒಂದು ತೃಪ್ತಿಯ ಸೀನು ಕೇಳಿಸಿತು. ಅಂದಿನಿಂದ ಒಗೆಯಲು ದಿನಕ್ಕೆ ಎರಡು ಕರ್ಚೀಫು ಬೀಳುತ್ತಿವೆ. ನಾನು ತುಟಿಪಿಟಕ್ಕೆನ್ನುವ ಹಾಗಿಲ್ಲ.