ಅಣಕು ಮೇಷ್ಟರ ಶ್ವಾಸಕೋಶದ ಪಾಠ

ಅಣಕಿಸುವುದೂ ನಶ್ಯದಂತೆ ಒಂದು ಚಟ; ಏರಿಸುವವನಿಗಿಂತ ಸುತ್ತಲಿನವರಿಗೇ ಹೆಚ್ಚು ಸೀನು. ನನಗದು ಹುಟ್ಟಿನಿಂದ ಬಂದಿದೆ. ಮನೆಗೆ ನೆಂಟರು ಬಂದರೆ ಮೊದಲು ಅವರ ದನಿ ಕಲಿಯುತ್ತೇನೆ, ಆಮೇಲೆ ಹೆಸರು. ಇಂಥವನನ್ನು ರಾಜಾಜಿನಗರದ ಹೊಸ ಶಾಲೆಯೊಂದರವರು ಜೀವಶಾಸ್ತ್ರ ಕಲಿಸಲು ತಾತ್ಕಾಲಿಕವಾಗಿ ಇಟ್ಟುಕೊಂಡರು. ಬಡಾವಣೆಯಲ್ಲಿ ಆಗ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚು. ನನ್ನ ಪಾಠದಲ್ಲಿ ಕೇಳುವವರಿಗಿಂತ ಆಕಳಿಸುವವರೇ ಹೆಚ್ಚು.

ತರಬೇತಿ ಕಾಲೇಜಿನಿಂದ ಬಂದ ಮೇಲ್ವಿಚಾರಕರು ಇದಕ್ಕೊಂದು ಮದ್ದು ಹೇಳಿದರು: ಕ್ರಿಯಾ ಸಂಶೋಧನೆ. ಹೆಸರು ಕೇಳಿದರೆ ಯಾರದೋ ತಿಥಿ ಇದ್ದಂತಿದೆ, ಕೆಲಸ ಮಾತ್ರ ಸರಳ. ತರಗತಿಯ ಒಂದು ತೊಂದರೆ ಹಿಡಿಯಬೇಕು, ಕಲಿಸುವ ರೀತಿ ಬದಲಿಸಬೇಕು, ಮಕ್ಕಳ ತಲೆಗೆ ಹತ್ತಿತೇ ಎಂದು ನೋಡಬೇಕು. ಮಾಡಿ ತೋರಿಸಿದರೆ ನೌಕರಿ ಖಾಯಂ ಎಂದರು. ನಮ್ಮಲ್ಲಿ ಉಸಿರಾಟದ ಪಾಠ ಯಾರಿಗೂ ಹತ್ತುತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿಟ್ಟು ಓಡಿಬಂದವನ ಉಸಿರು, ಗೊರಕೆ ಹೊಡೆಯುವವನ ಉಸಿರು, ಕೊನೆಗೆ ಕ್ಷಯದಲ್ಲಿ ತೀರಿಕೊಂಡ ನಮ್ಮ ದೊಡ್ಡಪ್ಪನ ಉಸಿರು, ಕೆಮ್ಮಿನ ಸಮೇತ, ಒಂದೊಂದಾಗಿ ಮಾಡಿ ತೋರಿಸಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮಾರೇನಹಳ್ಳಿಯಿಂದ ನಡೆದು ಬರುತ್ತಿದ್ದ ಜಯಮ್ಮ ಮಾತ್ರ ಎದ್ದು ನಿಂತಳು.

“ಸಾರ್, ಆ ಕೊನೇದು ಇನ್ನೊಂದ್ಸಲ ಮಾಡಿ. ನಮ್ಮಮ್ಮ ಹಿಂಗೇ ಕೆಮ್ಮೋದು. ಮನೇಲಿ ಉಷ್ಣ ಅಂತಾರೆ.”

ಉಷ್ಣವಲ್ಲ ಎಂದು ನನಗೆ ಗೊತ್ತಿತ್ತು. ಅಂದು ಸಂಜೆಯೇ ಹೋಗಿ ಅವಳಪ್ಪನಿಗೆ ಹೇಳಿದೆ. ಅವರು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದರು. ತಡವಾಗಿ ತಂದಿರಿ ಎಂದರಂತೆ ಡಾಕ್ಟರು. ಇತ್ತ ಪರೀಕ್ಷೆಯಲ್ಲಿ ಶ್ವಾಸಕೋಶದ ಪ್ರಶ್ನೆಗೆ ಇಡೀ ತರಗತಿ ಸರಿಯಾಗಿ ಬರೆದಿತ್ತು. ಸಂಶೋಧನೆ ಗೆದ್ದಿತ್ತು.

ಮೇಲ್ವಿಚಾರಕರು ಅದೇ ಪಾಠವನ್ನು ಇನ್ನೊಮ್ಮೆ ಮಾಡಿಸಿ ನೋಡಲು ಬಂದ ದಿನ ಜಯಮ್ಮ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಉಳಿದ ಮಕ್ಕಳು ಆಗಲೇ ನಗಲು ಬಾಯಿ ಸಿದ್ಧಮಾಡಿಕೊಂಡಿದ್ದರು. ನಾನು ಪುಸ್ತಕ ತೆರೆದು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಓದಿದೆ, ಒಂದು ಉಸಿರನ್ನೂ ಅಣಕಿಸದೆ. ಪಾಠ ಬಹಳ ಸಪ್ಪೆ, ಸ್ವಲ್ಪ ಅಭಿನಯ ಬೆರೆಸುವುದನ್ನು ಕಲಿಯಬೇಕು, ಖಾಯಂ ಮಾತು ಮುಂದೆ ನೋಡೋಣ ಎಂದು ಅವರು ರುಮಾಲು ಸರಿಮಾಡಿಕೊಂಡು ಹೊರಟರು.

ಗಂಟೆ ಹೊಡೆದ ಮೇಲೆ ಜಯಮ್ಮ ಹತ್ತಿರ ಬಂದಳು. “ನಾನಿದೀನಿ ಅಂತ ಬಿಟ್ರಾ ಸಾರ್? ಮಾಡ್ಬೋದಿತ್ತು. ಅಮ್ಮಂಗೆ ಈಗ ಕೆಮ್ಮೋಕೂ ತ್ರಾಣ ಇಲ್ಲ.”

ಸಮಾಧಾನ ಹೇಳಲು ಯಾರ ಯಾರ ದನಿಯನ್ನೋ ಹುಡುಕಿದೆ. ನಮ್ಮಜ್ಜಿಯದು, ಪುರೋಹಿತರದು, ಡಾಕ್ಟರದು. ಯಾವುದೂ ಬಾಯಿಗೆ ಬರಲಿಲ್ಲ. “ನಾಳೆ ಜೀರ್ಣಾಂಗ ಕಣಮ್ಮ, ಓದ್ಕೊಂಡ್ ಬಾ” ಎಂದೆ. ಅದು ಯಾರ ಅಣಕವೂ ಅಲ್ಲ, ಅಪ್ಪಟ ನನ್ನದೇ.