ಹುಸೇನಪ್ಪನ ಹ್ಯಾಂಡಲ್ಲು

ಕಾರಹುಣ್ಣಿಮೆ ಮುಗಿದ ಹತ್ತನೆಯ ದಿನ ಬೆಳಿಗ್ಗೆ ಹುಸೇನಪ್ಪ ಟ್ರ್ಯಾಕ್ಟರಿನ ಮುಂದೆ ನಿಂತು, ಅಂಗೈಗೆ ಉಗುಳಿಕೊಂಡು, ಹ್ಯಾಂಡಲ್ಲಿಗೆ ಕೈ ಹಾಕಿದ. ಅದು ತಿರುಗಲಿಲ್ಲ. ಮೈಯೆಲ್ಲ ಭಾರ ಹಾಕಿ ಇನ್ನೊಮ್ಮೆ ಜಗ್ಗಿದ. ಹ್ಯಾಂಡಲ್ಲು ಇದ್ದಲ್ಲಿಯೇ ಇತ್ತು, ಅವನ ಕಾಲುಗಳು ಮಾತ್ರ ನೆಲ ಬಿಟ್ಟವು.

ಹಬ್ಬದ ಹಿಂದಿನ ದಿನ ಹೊಲ ಹರಗಿ, ತನ್ನ ಗಾಲಿಯ ಮೇಲೆ ತಾನೇ ಬಂದು ತಗಡಿನ ಚಪ್ಪರದ ಕೆಳಗೆ ನಿಂತ ಯಂತ್ರ ಅದು. ಆಮೇಲೆ ಮಳೆ ಹಿಡಿಯಿತು, ಹುಸೇನಪ್ಪ ಆ ಕಡೆ ಹೋಗಿರಲಿಲ್ಲ. ಇವತ್ತು ಹೋಗದೆ ಗತಿ ಇರಲಿಲ್ಲ. ಹೊಲದ ಧಣಿ, ದೇವದುರ್ಗದ ಶರಣಯ್ಯ ಸಾಹುಕಾರರು ನಿನ್ನೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ನಾಳಿ ಸಂಜಿಕ ರಾಯಚೂರಿಂದ ಗುಜರಿ ಬಂದೇನವಾಜ್ ಬರ್ತಾನ. ಜಗತ್ತಿನ ತುಂಬ ಲಡಾಯಿ ನಡದದ, ಹಳೇ ಕಬ್ಬಿಣ ಎಲ್ಲಿ ಸಿಕ್ಕೀತು ಅಂತ ಹುಡಿಕ್ಯಾಡಾಕತ್ತಾನ. ಹೊತ್ತು ಮುಳುಗೂದ್ರಾಗ ಈ ಗಾಡಿ ನನ್ನ ಮುಂದ ಒಂದು ಸುತ್ತು ಹೊಡೀತು ಅಂದ್ರ ಇಟ್ಕೋತೀನಿ. ಇಲ್ಲಂದ್ರ ಅದನ್ನ ಅವ ಒಯ್ತಾನ, ನೀ ಬೂದೆಪ್ಪನ ಕೂಡ ಎತ್ತಿನ ಬಾಲ ಹಿಡಿ."

ಸುತ್ತಮುತ್ತ ಎಲ್ಲಿಯೂ ಇನ್ನೊಂದು ಟ್ರ್ಯಾಕ್ಟರು ಇರಲಿಲ್ಲ. ಆದ್ದರಿಂದ ಇನ್ನೊಬ್ಬ ಡ್ರೈವರನೂ ಇರಲಿಲ್ಲ. ಸಂತೆಗೆ ಹೋದರೆ ಅಂಗಡಿಯವರು "ಬರ್ರಿ ಡ್ರೈವರ್ ಸಾಹೇಬ್ರ" ಎಂದು ಎದ್ದು ನಿಲ್ಲುತ್ತಿದ್ದರು. ಮಾನ್ವಿಯಲ್ಲಿ ಮಾವನ ಮನೆಯವರು ಬೇರೆ ಅಳಿಯಂದಿರಿಗೆ ಚಾಪೆ ಹಾಸಿ, ಇವನಿಗೊಬ್ಬನಿಗೆ ಕುರ್ಚಿ ಹಾಕುತ್ತಿದ್ದರು. ಆ ಕುರ್ಚಿ ಹೋಗಬಾರದೆಂದರೆ ಈ ಗಾಡಿ ಓಡಲೇಬೇಕಿತ್ತು. ಹುಸೇನಪ್ಪ ಇವತ್ತು ಇದನ್ನು ತಿರುಗಿಸಿಯೇ ಊಟ ಎಂದುಕೊಂಡು ಪಾನಾ ಹಿಡಿದು ಕೂತ.

ನಾಲ್ಕು ಪ್ಲಗ್ಗು ಬಿಚ್ಚಿ, ತೂತುಗಳೊಳಗೆ ಸೀಮೆಎಣ್ಣೆ ಸುರಿದ. ಒಂದು ತಾಸು ಕಾಯ್ದು ಜಗ್ಗಿದ. ಊಹೂಂ. ಕಡ್ಡಿ ಹಾಕಿ ಕೆದಕಿದರೆ ತುದಿಗೆ ಕಪ್ಪು ಅಂಟು ಬಂತು.

"ಕಾಳಬಜಾರದ ಎಣ್ಣಿ! ಏನ್ ಕಲಬೆರಿಕಿ ಮಾಡ್ಯಾರೋ ಹಲ್ಕಟ್ಟುಗೋಳು" ಎಂದು ರಾಯಚೂರಿನ ದಿಕ್ಕಿಗೆ ಮುಖ ಮಾಡಿ ಬೈದ.

ಬೈಗುಳ ಕೇಳಿ ಗುರುರಾಜ ಮಾಸ್ತರರು ಬಂದರು. ಅವರು ಸಾಲೆಗೆ ಹೋಗುವ ದಾರಿ ಹೊಲದ ಪಕ್ಕವೇ ಇತ್ತು. ಅವರಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಿಲ್ಲ, ಇದ್ದರೂ ಅವರು ಒಪ್ಪುತ್ತಿರಲಿಲ್ಲ.

"ಶಾಖಕ್ಕ ಲೋಹ ಹಿಗ್ಗತದೋ ಹುಸೇನಪ್ಪ. ಕೆಳಗ ಕುಳ್ಳು ಹಚ್ಚು, ತಾನ ಸಡಲ ಆಗ್ತದ."

"ಮಾಸ್ತರ, ಈಗಷ್ಟೇ ಒಳಗ ಗ್ಯಾಸೆಣ್ಣಿ ಹಾಕೀನ್ರಿ."

"ಇನ್ನೂ ಛಲೋ ಆತಲ್ಲ!"

ಛಲೋ ಆಯಿತು. ಧಗ್ಗನೆ ಎದ್ದ ಉರಿ ಚಪ್ಪರದ ಅಂಚಿನ ಹುಲ್ಲಿಗೂ ಹುಸೇನಪ್ಪನ ಎಡಮೀಸೆಗೂ ಏಕಕಾಲಕ್ಕೆ ತಾಗಿತು. ಎತ್ತುಗಳ ನೀರಿನ ದೋಣಿಯನ್ನೇ ಎತ್ತಿ ಸುರಿದು ಬೂದೆಪ್ಪ ಚಪ್ಪರವನ್ನೂ ಬಲಮೀಸೆಯನ್ನೂ ಉಳಿಸಿದ. ಈ ಬೂದೆಪ್ಪ ಸಾಹುಕಾರರ ಎತ್ತುಗಳನ್ನು ನೋಡಿಕೊಳ್ಳುವ ಮುದುಕ. ಮಕ್ಕಳಿಲ್ಲದವನು, ಎತ್ತುಗಳೇ ಮಕ್ಕಳು. ಟ್ರ್ಯಾಕ್ಟರಿನ ಮೇಲೂ ಅವನಿಗೆ ಅಷ್ಟೇ ಮಮತೆ. ದಿನಾ ಚಾಲೂ ಮಾಡುವ ಮುಂಚೆ ಹುಸೇನಪ್ಪ ಅದರ ತಲೆಯ ಮೇಲಿನ, ಎಂಜಿನ್ನಿನೊಳಕ್ಕೆ ಇಳಿಯುವ ನಾಲ್ಕು ಹಿತ್ತಾಳೆ ಬಟ್ಟಲುಗಳಿಗೆ ಚಮಚದಿಂದ ಪೆಟ್ರೋಲು ಹನಿಸುವುದನ್ನು ಅವನು ತಪ್ಪದೆ ಬಂದು, ಕರುವಿಗೆ ಹಾಲು ಕುಡಿಸುವುದನ್ನು ನೋಡಿದ ಹಾಗೆ ನೋಡಿ ಹೋಗುತ್ತಿದ್ದ.

ಮಧ್ಯಾಹ್ನ ರೊಟ್ಟಿಯ ಗಂಟು ಹೊತ್ತು ಬಂದ ಹೆಂಡತಿ ಮಹಾಂತಮ್ಮ ಗಂಡನ ಅರ್ಧ ಮೀಸೆ ನೋಡಿ ನಗಲಿಲ್ಲ. ಮೂಗು ಏರಿಸಿ ಎಂಜಿನ್ನಿನ ಹತ್ತಿರ ಬಗ್ಗಿದಳು.

"ಏನ್ರೀ ಇದು, ಹೂರಣ ತಳ ಹತ್ತಿದ ವಾಸನಿ ಬರ್ತದ?"

"ಇದು ಎಂಜಿನ್ನು, ನಿನ್ನ ಒಲಿ ಅಲ್ಲ."

"ತಳ ಹತ್ತಿದ ಬೋಗಾಣಿಗೆ ಗ್ಯಾಸೆಣ್ಣಿ ಹಾಕಿ ಏನ್ ಮಾಡ್ತೀರಿ? ಕುದಿಯೋ ನೀರು ಹಾಕಿ ನೆನಿ ಬಿಡಬೇಕು."

ಮಾಸ್ತರರು ಇದು ಶಾಸ್ತ್ರಕ್ಕೆ ವಿರುದ್ಧ ಎಂದರು. ಅವರ ಶಾಸ್ತ್ರಕ್ಕೆ ಅರ್ಧ ಮೀಸೆ ಕೊಟ್ಟಿದ್ದ ಹುಸೇನಪ್ಪ ಹೆಂಡತಿಯ ಮಾತೇ ಕೇಳಿದ. ಕುದಿಯುವ ನೀರು ಹಾಕಿದ, ಬಟ್ಟೆ ಇಳಿಬಿಟ್ಟು ಹೀರಿ ತೆಗೆದ, ಮತ್ತೆ ಹಾಕಿದ. ಐದು ಸಲ ಹೀಗೆ ಮಾಡುವಷ್ಟರಲ್ಲಿ ಬೆರಳಿಗೆಲ್ಲ ಬೊಬ್ಬೆ ಬಂದವು, ಬಿಡಲಿಲ್ಲ. ಆಮೇಲೆ ಬೂದೆಪ್ಪನನ್ನು ಕರೆದು, "ಎರಡು ಜೋಡಿ ಎತ್ತು ಹೂಡು. ನಾ ಗೇರಿಗೆ ಹಾಕ್ತೀನಿ, ನೀ ಎಳಿಸು" ಎಂದ.

"ತಡಿಯಪ್ಪ. ಇಷ್ಟು ದೊಡ್ಡ ದುಡಿಮಿ ಅಂದ್ರ ಮೊದಲ ಗೊಟ್ಟ ಹಾಕಬೇಕು." ಬೂದೆಪ್ಪ ಒಂದೊಂದೇ ಎತ್ತಿನ ಬಾಯಿ ಎತ್ತಿ, ಬಿದಿರಿನ ಗೊಟ್ಟದಿಂದ, ಕಾರಹುಣ್ಣಿಮೆಗೆ ಎತ್ತುಗಳಿಗೆ ಕುಡಿಸುವ ಔಷಧವನ್ನು ಸಾವಕಾಶವಾಗಿ ಗಂಟಲಿಗೆ ಇಳಿಸಿದ. ಹುಸೇನಪ್ಪ ಸೂರ್ಯನನ್ನು ನೋಡುತ್ತ ಹಲ್ಲು ಕಡಿದ.

ಎತ್ತುಗಳು ಎಳೆದವು. ಗಾಲಿ ಜಾರಿತು, ನೆಲ ಕಿತ್ತಿತು, ಒಳಗೆ ಏನೋ 'ಕಟ್' ಎಂದಿತು. ಪ್ಲಗ್ಗಿನ ತೂತುಗಳಿಂದ ಕಂದು ನೀರು ಪಿಚಕಾರಿಯಂತೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ಮಾಸ್ತರರ ಬಿಳಿ ಧೋತರದ ಮೇಲೆ ಬಿತ್ತು. ಮಾಸ್ತರರು ರಜಾ ಹಾಕಲು ಮನೆಗೆ ಓಡಿದರು. ಎಂಜಿನ್ನು ಬಿಟ್ಟುಕೊಂಡಿತ್ತು!

ಒಳಗೆಲ್ಲ ಒರೆಸಿ, ಎಣ್ಣೆ ಬಿಟ್ಟು, ಪ್ಲಗ್ಗು ಕೂರಿಸಿ, ಬಟ್ಟಲುಗಳಿಗೆ ಪೆಟ್ರೋಲು ಹನಿಸಿ ಹ್ಯಾಂಡಲ್ಲು ಹೊಡೆದ. ಮೂರನೆಯ ಹೊಡೆತಕ್ಕೆ ಟ್ರ್ಯಾಕ್ಟರು ಕೆಮ್ಮಿತು, ಕರಿ ಹೊಗೆ ಕಾರಿತು, ಡಬಡಬ ಎಂದು ಹಾಡತೊಡಗಿತು. ಹುಸೇನಪ್ಪನ ಕಣ್ಣಲ್ಲಿ ನೀರು ಬಂತು. ಹೊಲದಲ್ಲಿ ಒಂದು ಸುತ್ತು ಹೊಡೆದ. ನೋಡಬೇಕಾದ ಸಾಹುಕಾರರು ಮಾತ್ರ ಇನ್ನೂ ಬಂದಿರಲಿಲ್ಲ. ರೇಶನ್ನಿನ ಎಣ್ಣೆ ಡಬ್ಬದ ತಳ ಸೇರಿತ್ತು. ಚಪ್ಪರದ ಕೆಳಗೆ ತಂದು ಬಂದ್ ಮಾಡಿ, "ಬೂದೆಪ್ಪ, ಒಂದು ಗಳಿಗಿ ಇದರ ಕಡಿ ಲಕ್ಷ್ಯ ಇಡು" ಎಂದು ಹೇಳಿ ಮನೆಗೆ ಹೋದ. ಮೈ ತೊಳೆದು ಉಳಿದರ್ಧ ಮೀಸೆಯನ್ನೂ ತೆಗೆದ. ಖಾಕಿ ಕೋಟು, ಟೊಪ್ಪಿಗೆ ಹಾಕಿಕೊಂಡು ಬಂದ.

ಸಾಹುಕಾರರು ಬಂದಿದ್ದರು. ಬಂದೇನವಾಜನೂ ಸರಪಳಿ ಹಿಡಿದು ನಿಂತಿದ್ದ. ಸೂರ್ಯ ಬೇವಿನ ಮರದ ಬುಡಕ್ಕಿಳಿದಿದ್ದ. ಹುಸೇನಪ್ಪ ಇಬ್ಬರಿಗೂ ಸಲಾಮು ಹೊಡೆದು, ಒಂದೇ ಕೈಯಲ್ಲಿ ಹ್ಯಾಂಡಲ್ಲು ಹಿಡಿದು ಠೀವಿಯಿಂದ ಜಗ್ಗಿದ.

ತಿರುಗಲಿಲ್ಲ.

ಎರಡೂ ಕೈ ಹಾಕಿದ. ಕಾಲುಗಳು ನೆಲ ಬಿಟ್ಟವು, ಟೊಪ್ಪಿಗೆ ಬಿತ್ತು.

"ಈಗ ಓಡಿತ್ರೀ! ದೇವರಾಣೆ ಈಗ ಓಡಿತ್ತು! ಬೂದೆಪ್ಪ, ಹೇಳೋ! ಇಲ್ಲಿಗೆ ಯಾರು ಬಂದಿದ್ರು?"

"ಯಾರ್ನೂ ಹತ್ತರ ಬಿಟ್ಟಿಲ್ಲ" ಎಂದ ಬೂದೆಪ್ಪ. ಅವನ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. "ಪಾಪ, ಎಷ್ಟು ಏದುಸಿರು ಬಿಡಾಕತ್ತಿತ್ತು, ಮೈ ಕೆಂಡದಂಗ ಸುಡತಿತ್ತು. ಎತ್ತಿಗೆ ಹಾಕಿ ಇದಕ್ಕ ಬಿಟ್ರ ಹೆಂಗ? ತತ್ತಿ, ಬೆಲ್ಲ, ಅರಿಷಿಣ, ಕುಸುಬಿ ಎಣ್ಣಿ ಕಲಸಿ ನಾಲ್ಕೂ ಬಾಯಿಗೆ ಒಂದೊಂದು ಗೊಟ್ಟ ಹಾಕೀನಿ. ಕಾರಹುಣ್ಣಿವಿ ದಿನಾನೂ ಹಾಕಿದ್ದೆ. ಒಂದು ಹನಿ ಚೆಲ್ಲದಂಗ ಕುಡದಿತ್ತು."

ಹುಸೇನಪ್ಪ ಪಾನಾ ಎತ್ತಿಕೊಂಡ. "ಮಹಾಂತೀ, ನೀರು ಕಾಸು!" ಎಂದು ಕೂಗಿದ.

"ಹೊತ್ತು ಮುಳುಗೂದ್ರಾಗ ಅಂದಿದ್ದೆ. ಮುಳುಗ್ತು" ಎಂದರು ಸಾಹುಕಾರರು.

ಬಂದೇನವಾಜ್ ಸರಪಳಿ ಬಿಗಿದ. ಬೂದೆಪ್ಪನ ಎರಡು ಜೋಡಿ ಎತ್ತು ಹೂಡಿದ್ದಾಯಿತು. ಆಗ ಬಂದೇನವಾಜನಿಗೆ ಒಂದು ತೊಡಕು ಹೊಳೆಯಿತು.

"ಎತ್ತು ಎಳೀತಾವ ಖರೆ, ಮ್ಯಾಲೆ ಕೂತು ಚಕ್ರ ತಿರುವೋರು ಯಾರು? ಡ್ರೈವರ್ ಬೇಕಲ್ರೀ."

ಎಲ್ಲರೂ ಖಾಕಿ ಕೋಟಿನ ಕಡೆ ನೋಡಿದರು.

ಹುಸೇನಪ್ಪ ಟೊಪ್ಪಿಗೆಯ ಧೂಳು ಕೊಡವಿ ಹಾಕಿಕೊಂಡು, ಹತ್ತಿ ಕೂತ. ಗಾಡಿ ದೇವದುರ್ಗದ ಬಜಾರ ದಾಟುವಾಗ ಅಂಗಡಿಯವರು ಎದ್ದು ನಿಂತು "ಸಲಾಮ್ರಿ ಡ್ರೈವರ್ ಸಾಹೇಬ್ರ" ಎಂದರು. ಅವನು ಎರಡೂ ಕೈಯಿಂದ ಚಕ್ರ ಹಿಡಿದು ನೆಟ್ಟಗೆ ಮುಂದೆ ನೋಡುತ್ತಿದ್ದ. ಮುಂದೆ ನಡೆಯುತ್ತಿದ್ದ ಬೂದೆಪ್ಪ ಎತ್ತಿನ ಬೆನ್ನು ಸವರಿ, ಹಿಂತಿರುಗಿ ಕೂಗಿದ:

"ನೋಡಿದ್ಯಾ ಹುಸೇನಪ್ಪ, ಗೊಟ್ಟ ಹಾಕಿದ್ದಕ್ಕ ಹೆಂಗ ಎಳಿಯಾಕತ್ತಾವ!"