ಹುಣಸೆಹಣ್ಣು ಹಚ್ಚಿ ತೊಳೆದ ಬಕಲ್

ಲಂಡನ್ನಿನ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು ನಾನು. ಲೆಕ್ಕದಲ್ಲಿ ತಪ್ಪುವುದು ಕಡಿಮೆ. ಬೇರೆಲ್ಲದರಲ್ಲಿ ತಪ್ಪಿ ತಲೆ ತಗ್ಗಿಸುವುದು ಮಾತ್ರ ನಿಂತೇ ಇಲ್ಲ. ಅದರಲ್ಲೂ ನಮ್ಮ ಯಜಮಾನರ ಜರ್ಮನ್ ಬೆಲ್ಟುಗಳ ವಿಷಯದಲ್ಲಿ.

೧. ದೇವರ ಸಾಮಾನು

ಧಾರವಾಡದ ಡಾಕ್ಟರು ಅವರು. ವಾರವೆಲ್ಲ ಆಸ್ಪತ್ರೆ, ಭಾನುವಾರ ಹಳೆ ಸಾಮಾನಿನ ಸಂತೆ. ಜರ್ಮನ್ ಸೈನಿಕರ ಹಳೆಯ ಬೆಲ್ಟು, ಬಕಲ್ ಹುಡುಕಿ ತಂದು, ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಂದೊಂದಕ್ಕೂ ಚೀಟಿ ಬರೆದಿಡುತ್ತಿದ್ದರು: ಯಾವ ಲೋಹ, ಯಾವ ಸೈನ್ಯ, ಯಾವ ದಳ.

ತೊಂಬತ್ತರ ದಶಕದ ಒಂದು ದೀಪಾವಳಿ. ಹಿಂದಿನ ದಿನ ತಂದ ಹಿತ್ತಾಳೆ ಬಕಲ್ ತೋರಿಸಿ, "ಮೊದಲ ಮಹಾಯುದ್ಧದ್ದು. ಏನ್ ಬರದಾರ ಗೊತ್ತೇನು? ದೇವರು ನಮ್ಮ ಜೋಡಿ ಇದ್ದಾನ ಅಂತ" ಎಂದಿದ್ದರು. ದೇವರ ಹೆಸರಿದೆಯಲ್ಲ ಎಂದು ಬೆಳಿಗ್ಗೆ ದೀಪ, ಪಂಚಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಿಂಬದಿಗೆ ಹೊಲಿದಿದ್ದ ತೊಗಲಿನ ಪಟ್ಟಿಯನ್ನೂ ಬಿಡಲಿಲ್ಲ. ಕುಂಕುಮ ಇಟ್ಟು ದೇವರ ಮುಂದೆ ಕೂರಿಸಿದೆ.

ಅವರು ಬಂದು, ಭೂತಗನ್ನಡಿ ಹಿಡಿದು ಹಿಂದೆ ಮುಂದೆ ಬಹಳ ಹೊತ್ತು ನೋಡಿದರು.

"ಏನಾಯ್ತು ರೀ?"

"ಏನಿಲ್ಲ. ಇದರ ಮೈ ಕಪ್ಪಾಗಲಿಕ್ಕೆ ಎಂಬತ್ತು ವರ್ಷ ಹಿಡದಿತ್ತು. ನೀ ಎಂಟು ನಿಮಿಷದಾಗ ತಗದಿ."

"ಹತ್ತು ನಿಮಿಷ" ಎಂದು ತಿದ್ದಿದೆ ನಾನು.

೨. ಟೂಟಿಂಗ್‌ನ ಊಟ

ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ಬಕಲ್ ಗುರುತಿಸುವುದನ್ನು ಕಲಿಯತೊಡಗಿದೆ. ಅಯಸ್ಕಾಂತ ಅಂಟಿದರೆ ಉಕ್ಕು. ಅಂಟದಿದ್ದರೆ ಹಿತ್ತಾಳೆಯೋ ಅಲ್ಯುಮಿನಿಯಮ್ಮೋ. ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ನನ್ನ ಪರ್ಸ್ ಸೇರಿತು.

ಟೂಟಿಂಗ್‌ನ ಹೋಟೆಲೊಂದರಲ್ಲಿ ಪರಿಚಯದವರ ಮಗುವಿನ ನಾಮಕರಣದ ಊಟ. ಮೈಸೂರಿನ ಹಿರಿಯ ಸರ್ಜನ್ ಒಬ್ಬರು ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಹೊಟ್ಟೆಯ ಕೆಳಗೆ ಚೌಕಾಕಾರದ ಬಕಲ್, ನಡುವೆ ಕಿರೀಟ, ಥೇಟು ನಮ್ಮ ಮನೆಯ ಜರ್ಮನ್ ಬಕಲ್‌ನ ಹಾಗೆ. ನಾನು ಬಗ್ಗಿದೆ. ಬಗ್ಗಿದ್ದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು, ಅಯಸ್ಕಾಂತವನ್ನೂ ಹಿಡಿದೆ. ಟಪ್ಪೆಂದು ಅಂಟಿಕೊಂಡಿತು. ಎಳೆದರೆ ಬರಲೊಲ್ಲದು.

"ಏನಮ್ಮಾ ಇದು?"

ಊಟದ ಸಾಲೆಲ್ಲ ತಿರುಗಿ ನೋಡಿತು. ನಾನು ಅಯಸ್ಕಾಂತ ಎಳೆಯುತ್ತಲೇ ಇದ್ದೆ. ಹಿಂದಿನಿಂದ ನಮ್ಮವರ ದನಿ: "ತಪ್ಪು ತಿಳ್ಕೋಬ್ಯಾಡ್ರಿ ಸರ್. ಆಕಿ ಟೀಚರ್. ಯುನಿಫಾರ್ಮ್ ಚೆಕ್ ಮಾಡ್ಲಿಕ್ಕತ್ಯಾಳ."

೩. ಖಾಲಿ ಜಾಗ

ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಮೇಲಿನ ಕೋಣೆಯ ಪೆಟ್ಟಿಗೆ ತೆರೆದೆ. ನಲವತ್ತೊಂದು ಬಕಲ್. ನಲವತ್ತು ಚೀಟಿಗಳು ಪೂರ್ತಿ. ಒಂದರಲ್ಲಿ ಮಾತ್ರ ದಳದ ಹೆಸರಿನ ಜಾಗ ಖಾಲಿ: ನನ್ನ ದೀಪಾವಳಿಯ ಬಕಲ್. ಅವರ ಕೆಲಸ ಅರ್ಧಕ್ಕೆ ನಿಲ್ಲಬಾರದು, ಆ ಜಾಗ ತುಂಬಲೇಬೇಕು ಎಂದುಕೊಂಡು, ಅವರು ಯಾವಾಗಲೂ ಹೋಗುತ್ತಿದ್ದ ಮುದುಕ ಇಂಗ್ಲಿಷ್ ವ್ಯಾಪಾರಿಯ ಬಳಿಗೆ ಹೋದೆ.

ಆತ ತಿರುಗಿಸಿ ನೋಡಿದ. "ದಳದ ಮುದ್ರೆ ಇರುತ್ತಿದ್ದುದು ಹಿಂದಿನ ತೊಗಲಿನ ಮೇಲೆ, ಮೇಡಂ. ಉಜ್ಜಿ ಅಳಿಸಿಬಿಟ್ಟಿದ್ದಾರೆ. ಇನ್ನು ಯಾರಿಂದಲೂ ಹೇಳಲಾಗದು. ಯಾರು ತೊಳೆದದ್ದು?"

ಯಜಮಾನರು ಕಪ್ಪು ಹೋದದ್ದನ್ನಷ್ಟೇ ಹೇಳಿದ್ದರು. ಮುದ್ರೆಯ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ತಪ್ಪು ಮಾಡಿದವರು ಎದ್ದು ನಿಂತು ಒಪ್ಪಿಕೊಳ್ಳಬೇಕೆಂದು ತರಗತಿಯಲ್ಲಿ ದಿನವೂ ಹೇಳುತ್ತಿದ್ದ ನಾನು, "ನಮ್ಮತ್ತೆ" ಎಂದುಬಿಟ್ಟೆ. ಪಾಪ, ಅತ್ತೆ ಧಾರವಾಡ ಬಿಟ್ಟು ಬಂದವರೇ ಅಲ್ಲ.

ಆತ ಕನ್ನಡಕ ತೆಗೆದ. "ಡಾಕ್ಟರು ಇದನ್ನು ಆಗಲೇ ನನಗೆ ತೋರಿಸಿದ್ದರು. ತಾವೇ ತೊಳೆದು ಹಾಳು ಮಾಡಿದ್ದಾಗಿ ಹೇಳಿದ್ದರು. ಒಂದು ಬಕಲ್ ತೊಳೆಯಲು ನಿಮ್ಮ ಮನೆಯಲ್ಲಿ ಎಷ್ಟು ಜನ ಬೇಕು?"

"ಒಬ್ಬಳೇ. ನಾನು" ಎಂದೆ.

ಮನೆಗೆ ಬಂದು, ಅವರ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಚೀಟಿ ಪೂರ್ತಿ ಮಾಡಿದೆ: "ದಳ: ತಿಳಿಯದು. ತೊಳೆದವಳು: ಹೆಂಡತಿ. ಹಿಡಿದ ಸಮಯ: ಹತ್ತು ನಿಮಿಷ; ಎಂಟಲ್ಲ."